ಹಾರುವುದೆಲ್ಲ ಹದ್ದಲ್ಲ!

ಕೊಪ್ಪಳದಿಂದ ಕುಷ್ಟಗಿ, ಯಲಬುರ್ಗಾದವರೆಗಿನ ಎರೆ ಹೊಲಗಳಲ್ಲಿ ಚಳಿಗಾಲದ ಜೋಳ, ಕಡಲೆಯ ಮೇಲೆ ಆಳೆತ್ತರದಲ್ಲೇ ತೇಲುವ ಹಕ್ಕಿಯೊಂದಿದೆ. ಅದನ್ನು ಕಂಡು ‘ಹದ್ದು ಬಂತು, ಕೋಳಿಮರಿ ಒಳಗ ಹಾಕ್ರೀ’ ಎನ್ನುವುದು ನ್ಯಾಯವಲ್ಲ. ಅದು ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬರುವ ಹ್ಯಾರಿಯರ್. ಹದ್ದಿನ ಬಾಲ ಕವಲು. ಇದರದು ಉದ್ದ, ಕವಲಿಲ್ಲ. ರೆಕ್ಕೆ ತುಸು ಮೇಲೆತ್ತಿ ಓಲಾಡುತ್ತದೆ. ಗಂಡು ಬೂದು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಹೆಣ್ಣುಗಳಲ್ಲಿ ಮಾಂಟೆಗು ಯಾವುದು, ಪ್ಯಾಲಿಡ್ ಯಾವುದು ಎನ್ನಲು ಪಳಗಿದವರೂ ತಿಣುಕುತ್ತಾರೆ, ಆ ಮಾತು ಬಿಡಿ. ಗಂಗಾವತಿಯ ಕಾಲುವೆ ಭತ್ತದ ಮೇಲೆ ಸುಳಿಯುವ ಮೈದುಂಬಿದ ಕಂದು ಹಕ್ಕಿ ಜೌಗಿನ ಹ್ಯಾರಿಯರ್. ಒಂದೇ ಕಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲುವ ಕೆಂಗಣ್ಣಿನ ಬಿಳಿ ಹಕ್ಕಿ ಮಾತ್ರ ವರ್ಷವಿಡೀ ಇಲ್ಲಿನದೇ.

ಮಿಡತೆ, ಇಲಿ, ಓತಿಕ್ಯಾತ ಹ್ಯಾರಿಯರ್‌ನ ತುತ್ತು. ಅಂದರೆ ರೈತನಿಗೆ ಪುಕ್ಕಟೆ ಆಳು! ಆದರೆ ರಾತ್ರಿ ಮಲಗುವುದು ಮರದಲ್ಲಲ್ಲ, ಗುಂಪಾಗಿ ಹುಲ್ಲಿನ ನೆಲದ ಮೇಲೆ. ಆ ನೆಲವನ್ನೇ ಕಾಗದದಲ್ಲಿ ‘ಬೀಳು’ ಎಂದು ಬರೆದು ಗಾಳಿಯಂತ್ರಕ್ಕೋ ಸೋಲಾರಿಗೋ ಕೊಟ್ಟರೆ ಅದು ಇಳಿಯಬೇಕಾದದ್ದೆಲ್ಲಿ? ತೋಳಕ್ಕಾದರೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಎಕರೆಯ ಧಾಮವಿದೆ. ಯಲಬುರ್ಗಾದ ಹುಲ್ಲಿನ ಪರವಾಗಿ ಅರ್ಜಿ ಹಾಕುವವರಾರು?