ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೇಕೆ?

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವ ಮನುಷ್ಯಸ್ವಭಾವವನ್ನು ನಮ್ಮ ಗಾದೆ ಬಹು ಹಿಂದೆಯೇ ಗುರುತಿಸಿದೆ. ಮಹಾನಗರದಲ್ಲಿ ನೆಲೆಸಿದ ನಮ್ಮ ಸಂಸಾರಗಳಲ್ಲಿ ಆ ಕೊತ್ತಿಯ ಪಾತ್ರ ಯಾರ ಪಾಲಿಗೆ ಬಂದಿದೆ? ಬಹುಮಟ್ಟಿಗೆ ಮನೆಯ ಮಕ್ಕಳ ಪಾಲಿಗೆ ಎನ್ನಲು ಸಂಕೋಚಪಡಬೇಕಾಗಿಲ್ಲ.

ಹೈದರಾಬಾದಿನ ಕನ್ನಡಿಗರ ದಿನಚರಿಯನ್ನೇ ನೋಡಿ. ನೆರೆಯವರೊಡನೆ ತೆಲುಗು, ಅಂಗಡಿ ಆಟೋಗಳಲ್ಲಿ ದಖ್ಖನಿ, ಕಚೇರಿಯಲ್ಲಿ ಇಂಗ್ಲಿಷು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೂ ಇದೇ ರಾಜಧಾನಿಯಾಗಿದ್ದುದರಿಂದ ಆ ಕಡೆಯವರಿಗೆ ಈ ಬಹುಭಾಷಾ ಬದುಕು ಹೊಸದೇನಲ್ಲ. ಆದರೆ ಪರಭಾಷೆಯಲ್ಲಿ ಎಷ್ಟೇ ಪಳಗಿದ್ದರೂ ಮೇಲಧಿಕಾರಿಯ ಚುಚ್ಚುಮಾತಿಗೆ ತಕ್ಕ ಉತ್ತರ ಆ ಕ್ಷಣಕ್ಕೆ ನಾಲಗೆಗೆ ಬಾರದೆ ಹೋಗಬಹುದು. ಹಗಲೆಲ್ಲ ನುಂಗಿದ ಮಾತು ಸಂಜೆ ಹೊಸ್ತಿಲು ದಾಟಿದೊಡನೆ ಅಚ್ಚಗನ್ನಡದಲ್ಲಿ ಹೊರಬೀಳುತ್ತದೆ. ನೆಪ ಚೆಲ್ಲಿದ ಹಾಲಿರಬಹುದು, ಮಗುವಿನ ಅಂಕಪಟ್ಟಿ ಇರಬಹುದು. ಮಗು ಕೇಳುವ ಕನ್ನಡವೆಲ್ಲ ಗದರಿಕೆಯ ಕನ್ನಡವೇ ಆದರೆ, ನಾಳೆ ಅದು ಆ ಭಾಷೆಯಿಂದ ದೂರ ಸರಿದುದಕ್ಕೆ ಯಾರನ್ನು ದೂರೋಣ?

ಭಾವೋದ್ರೇಕದ ಹೊತ್ತಿನಲ್ಲಿ ದೇಹದೊಳಗೆ ನಡೆಯುವುದೇನು? ಮೆದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ, ವಿವೇಚನೆ ಎಚ್ಚರಗೊಳ್ಳುವ ಮೊದಲೇ, ಅದು ಕೂಗು ಹಾಕಬಲ್ಲದು. ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾದಾಡಲು ಇಲ್ಲವೇ ಓಡಿಹೋಗಲು ದೇಹ ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿಯೇ ವಿವರಿಸಿದ್ದನು. ಹುಲಿಯ ಮುಂದೆ ಉಪಯುಕ್ತವಾದ ಈ ಏರ್ಪಾಡು ಅಂಕಪಟ್ಟಿಯ ಮುಂದೆ ಅನರ್ಥಕಾರಿ.

ಸಿಟ್ಟನ್ನು ನುಂಗಿಕೊಳ್ಳಬೇಕೆಂದು ಕೆಲವರು, ಕಾರಿಕೊಂಡರೆ ಹಗುರವಾಗುವುದೆಂದು ಕೆಲವರು ಹೇಳುತ್ತಾರೆ. ಎರಡೂ ಪೂರ್ಣ ಸತ್ಯವಲ್ಲ. ನುಂಗಿದ ಸಿಟ್ಟು ಮುಖದಲ್ಲಿ ಮರೆಯಾದರೂ ಮೈಯಲ್ಲಿ ಉಳಿಯುತ್ತದೆ. ಇನ್ನು ಕಾರಿಕೊಳ್ಳುವ ಮಾತು: ತಮ್ಮನ್ನು ಕೆಣಕಿದವನನ್ನು ನೆನೆಯುತ್ತ ಚೀಲಕ್ಕೆ ಗುದ್ದಿದವರ ಕೋಪ ಇಳಿಯುವ ಬದಲು ಹೆಚ್ಚಿತೆಂದು ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು.

ಹಾಗಾದರೆ ಮೂರನೆಯ ದಾರಿ ಯಾವುದು? ಭಾವನೆಯನ್ನು ಹೆಸರಿಟ್ಟು ಕರೆಯುವುದು. ಭಾವವನ್ನು ಶಬ್ದದಲ್ಲಿ ಗುರುತಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮೆದುಳಿನ ಚಿತ್ರಗಳ ಮೂಲಕ ಕಂಡರು. ಈ ವಿಷಯದಲ್ಲಿ ಕನ್ನಡಿಗರು ಬಡವರಲ್ಲ. ಸಿಟ್ಟು ಬೇರೆ, ಮುನಿಸು ಬೇರೆ. ಸಿಡುಕು ಬೇರೆ, ರೋಷ ಬೇರೆ. ದಿಗಿಲು, ಅಳುಕು, ಕಸಿವಿಸಿ, ತಳಮಳ — ಒಂದೊಂದಕ್ಕೂ ಒಂದೊಂದು ಛಾಯೆ. "ನನಗೆ ಸಿಟ್ಟು ಬಂದಿದೆ" ಎನ್ನುವವರು ಸ್ವಲ್ಪ ತಾಳಿ ಒಳಗೆ ನೋಡಿಕೊಂಡರೆ, ಅದು ಸಿಟ್ಟಲ್ಲ, ಅವಮಾನ ಅಥವಾ ಕೆಲಸದ ಬಗೆಗಿನ ದಿಗಿಲು ಎಂಬುದು ತಿಳಿದೀತು. ದಿಗಿಲಿಗೆ ಮಗುವನ್ನು ಹೊಡೆಯುವುದು ಮದ್ದಲ್ಲವೆಂಬುದು ಆಗ ತಾನಾಗಿಯೇ ಹೊಳೆಯುತ್ತದೆ.

ಮನಸ್ಸಿನ ವಿಚಾರವನ್ನು ಕನ್ನಡದಲ್ಲಿ ಆಡಲಾಗದೆಂಬ ಅಳುಕು ಬೇಡ. 1942ರಲ್ಲಿ 'ಕೊರವಂಜಿ' ನಗೆಪತ್ರಿಕೆಯನ್ನು ಆರಂಭಿಸಿದ ವೈದ್ಯ ಡಾ. ಎಂ. ಶಿವರಾಂ, ನಮ್ಮೆಲ್ಲರ 'ರಾಶಿ', ಮನಶ್ಶಾಸ್ತ್ರವನ್ನು ಕುರಿತು ಬರೆದ 'ಮನಮಂಥನ' 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಆದ್ದರಿಂದ ಒಂದು ಸಲಹೆ. ಮನೆಗೆ ಬಂದವರು ಮೊದಲ ಹತ್ತು ನಿಮಿಷ ಯಾರ ತಪ್ಪನ್ನೂ ಎಣಿಸದಿರಲಿ. ಕೈಕಾಲು ತೊಳೆದು, ನಿಧಾನವಾಗಿ ಉಸಿರಾಡಿ, ಅಂದಿನ ಭಾವವನ್ನು ಒಂದು ಮಾತಿನಲ್ಲಿ ಮನೆಯವರಿಗೆ ಹೇಳಲಿ. ನಮ್ಮ ಸಂಘಗಳೂ ರಾಜ್ಯೋತ್ಸವ, ನಾಟಕಗಳ ಜೊತೆಗೆ ತಿಂಗಳಿಗೊಂದು ಸಂಜೆಯನ್ನು ಸುಖದುಃಖದ ಮಾತುಕತೆಗೆ ಮೀಸಲಿಡಲಿ. ನಿದ್ರೆ ಕೆಟ್ಟು, ಬೇಸರ ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡವೆನಿಸಿದರೆ, ಇಷ್ಟರಿಂದ ಸಾಲದು; ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ 14416 ಹಗಲಿರುಳೂ ಉಚಿತ. ಅಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಉಂಟು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಪರಸ್ಥಳದಲ್ಲಿ ನಮ್ಮ ಮಕ್ಕಳಿಗೆ ಕನ್ನಡವನ್ನು ಉಳಿಸಿಕೊಡಬೇಕಾದರೆ, ಅದು ಮೊದಲು ಸಮಾಧಾನದ ಭಾಷೆಯಾಗಿ ಅವರ ಕಿವಿಗೆ ಬೀಳಲಿ.