ಬರೆದಿಡದ ಊಹೆ

೧೯೯೬ರ ಜೂನ್ ೪ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಕೇಂದ್ರದಿಂದ ಪ್ರಥಮ ಯಾನಕ್ಕೆ ಹೊರಟ ಐರೋಪ್ಯ ರಾಕೆಟ್ಟು ಏರಿಯಾನ್-೫, ನೆಲವನ್ನು ಬಿಟ್ಟು ಒಂದು ನಿಮಿಷ ತುಂಬುವ ಮೊದಲೇ ಪಥಭ್ರಷ್ಟವಾಗಿ, ತನ್ನೊಡಲಿನಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೊಡನೆ ಛಿದ್ರವಾಯಿತು.

ಅದರ ದಿಕ್ಕನ್ನೂ ಚಲನೆಯನ್ನೂ ಅಳೆಯುವ ಉಪಕರಣದ ತಂತ್ರಾಂಶ ಹಿಂದಿನ ಏರಿಯಾನ್-೪ರಿಂದ ಬಂದದ್ದು. ಸಮತಲವೇಗಕ್ಕೆ ಸಂಬಂಧಿಸಿದ ಸಂಖ್ಯೆಯೊಂದನ್ನು ೬೪ ಬಿಟ್‌ಗಳ ರೂಪದಿಂದ, ೩೨,೭೬೭ನ್ನು ಮೀರಿದ ಬೆಲೆಯನ್ನು ಹಿಡಿಯಲಾರದ ೧೬ ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವ ಕ್ರಮ ಅಲ್ಲಿದ್ದು, ಬೆಲೆ ಆ ಮೇರೆಯನ್ನು ಎಂದೂ ದಾಟದೆಂಬ ನಂಬಿಕೆಯಿಂದ ಅದಕ್ಕೆ ಕಾವಲನ್ನಿರಿಸಿರಲಿಲ್ಲ. ಹಳೆಯ ರಾಕೆಟ್ಟಿನ ಪಥಕ್ಕೆ ಆ ನಂಬಿಕೆ ಸತ್ಯವಾಗಿತ್ತು. ಹೊಸತಾದರೋ ಆರಂಭದಲ್ಲಿಯೇ ಬಹು ಹೆಚ್ಚಿನ ಸಮತಲವೇಗವನ್ನು ಪಡೆಯುವಂಥದು. ಸಂಖ್ಯೆ ಮೇರೆ ಮೀರಿತು, ಉಪಕರಣ ನಿಂತಿತು. ಆಸರೆಗೆಂದು ಇಟ್ಟಿದ್ದ ಎರಡನೆಯ ಉಪಕರಣವೂ ಅದೇ ತಂತ್ರಾಂಶವನ್ನು ಧರಿಸಿದ್ದುದರಿಂದ ಅದಕ್ಕಿಂತ ಕ್ಷಣಮಾತ್ರ ಮೊದಲೇ ಮೌನವಾಗಿತ್ತು. ಯಂತ್ರ ಕೆಡಬಹುದೆಂದು ಎಣಿಸಿದ್ದವರು ಆಲೋಚನೆಯೇ ಕೆಡಬಹುದೆಂದು ಎಣಿಸಿರಲಿಲ್ಲ. ಮನಸ್ಸನ್ನು ತೀರ ನೋಯಿಸುವ ಸಂಗತಿಯೆಂದರೆ, ನೆಲದಿಂದ ಮೇಲೆದ್ದ ಬಳಿಕ ಏರಿಯಾನ್-೫ಕ್ಕೆ ಆ ಗಣನೆಯಿಂದ ಪ್ರಯೋಜನವೇ ಇರಲಿಲ್ಲ.

ತತ್ತ್ವಜ್ಞಾನಿ ಕಾರ್ಲ್ ಪಾಪರ್ ೧೯೩೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಳ್ಳೆಂದು ತೋರಿಸಲು ಅವಕಾಶವಿರುವ ಊಹೆಯೇ ವಿಜ್ಞಾನದ ಊಹೆಯೆಂದು ಪ್ರತಿಪಾದಿಸಿದರು. ತಂತ್ರಾಂಶವನ್ನು ಪರೀಕ್ಷಿಸುವವರಿಗೂ ಇದೇ ಧರ್ಮವೆಂದು ನಾನು ನಂಬಿದ್ದೇನೆ. ಬೆಂಗಳೂರಿನಲ್ಲಿ ಎಷ್ಟೋ ಮಂದಿ ತರುಣ ತರುಣಿಯರಿಗೆ ಜೀವನೋಪಾಯವಾಗಿರುವ ಈ ವೃತ್ತಿಯನ್ನು, ಪಟ್ಟಿಯ ಒಂದೊಂದು ಬಾಬಿಗೂ ಗುರುತು ಹಾಕುವ ಗುಮಾಸ್ತಗಿರಿಯೆಂದು ಭಾವಿಸುವವರು ಅದಕ್ಕೆ ದೊಡ್ಡ ಅನ್ಯಾಯವನ್ನೆಸಗುತ್ತಾರೆ. ‘ಇದು ಸರಿಯಾಗಿ ನಡೆಯುತ್ತದೆ’ ಎಂಬುದನ್ನು ಊಹೆಯೆಂದೇ ಬಗೆದು, ಯಾವ ಸನ್ನಿವೇಶದಲ್ಲಿ ಅದು ಸುಳ್ಳಾದೀತೆಂಬುದನ್ನು ಮೊದಲೇ ಬರೆದಿಟ್ಟು, ಆ ಸನ್ನಿವೇಶವನ್ನೇ ಅರಸಿ ಸೃಷ್ಟಿಸುವುದು ಪ್ರಯೋಗಶಾಲೆಯ ವಿಜ್ಞಾನಿಯ ಕೆಲಸಕ್ಕೆ ಸಮಾನವಾದದ್ದು. ಏರಿಯಾನ್-೪ರ ಹಲವು ಯಶಸ್ವಿ ಯಾನಗಳು ಹಳೆಯ ಪಥದ ಸಾಕ್ಷ್ಯವಷ್ಟೆ. ಹೊಸ ಪಥ ಹೊಸ ಪ್ರಯೋಗವನ್ನೇ ಕೇಳುತ್ತದೆ.

ಗಣಿತಜ್ಞ ಝಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿ, ಹೊಸ ರಾಕೆಟ್ಟಿನ ನಿಜವಾದ ಪಥವನ್ನು ಅನುಕರಿಸಿ ಆ ಉಪಕರಣವನ್ನು ಪರೀಕ್ಷಿಸಿಯೇ ಇರಲಿಲ್ಲವೆಂದೂ, ಪರೀಕ್ಷಿಸಿದ್ದರೆ ದೋಷ ನೆಲದ ಮೇಲೆಯೇ ಬಯಲಾಗುತ್ತಿತ್ತೆಂದೂ ಕಂಡುಕೊಂಡಿತು. ಅಪಾಯಕ್ಕೀಡಾಗಬಹುದಾದ ಏಳು ಚರಗಳಲ್ಲಿ ನಾಲ್ಕಕ್ಕೆ ಮಾತ್ರ ಕಾವಲಿಟ್ಟು ಮೂರನ್ನು ಬಿಟ್ಟಿದ್ದರು. ಗಣಕದ ಹೊರೆಯನ್ನು ಮಿತಿಯಲ್ಲಿಡುವ ಉದ್ದೇಶ ಅದರ ಹಿಂದಿತ್ತು. ಹಾಗೆ ಬಿಟ್ಟದ್ದೇಕೆಂಬ ಸಮರ್ಥನೆ ತಂತ್ರಾಂಶದ ಮೂಲಪಾಠದಲ್ಲಿ ಎಲ್ಲಿಯೂ ಸಿಗಲಿಲ್ಲ. ಸಂಖ್ಯೆಯನ್ನು ಇಳಿಸುವ ಆ ಸಾಲಿನ ಪಕ್ಕದಲ್ಲಿ, ‘ಏರಿಯಾನ್-೪ರ ಪಥಕ್ಕೆ ಮಾತ್ರ’ ಎಂದು ಯಾರಾದರೂ ಬರೆದಿಟ್ಟಿದ್ದರೆ, ವರ್ಷಗಳ ತರುವಾಯ ಅದನ್ನು ಓದಿದವರು ಹೊಸ ಪಥವನ್ನು ಅದರೆದುರು ಹಿಡಿದು ನೋಡದೆ ಇರುತ್ತಿದ್ದರೇ?