ಒಂದು ಮನೆತನ, ಎರಡು ದುರ್ಗಗಳು

ಸಾಲಹಳ್ಳಿ ಮೊದಲಾದ ನಮ್ಮ ರಾಮದುರ್ಗ ಸೀಮೆಯ ಊರುಗಳಲ್ಲಿ ಸಂಸ್ಥಾನವೆಂದೊಡನೆ ನೆನಪಾಗುವುದು ಭಾವೆ ಮನೆತನ. ಕಿತ್ತೂರಿನ ಕಥೆಯನ್ನು ನಮ್ಮ ಮಕ್ಕಳು ಪಾಠವಾಗಿ ಓದಿ ಬಲ್ಲರು. ಅದಕ್ಕೆ ಮೂವತ್ತನಾಲ್ಕು ವರ್ಷಗಳ ತರುವಾಯ ಮಲಪ್ರಭೆಯ ಇದೇ ಸೀಮೆಯಲ್ಲಿ ಅದೇ ದತ್ತಕದ ಪ್ರಶ್ನೆ ಮತ್ತೊಂದು ಮನೆಯನ್ನು ಹೇಗೆ ಒಡೆಯಿತೆಂಬುದನ್ನು ಬಲ್ಲವರು ಕಡಿಮೆ.

ನರಗುಂದದ ಗುಡ್ಡದ ಕೋಟೆಯನ್ನು 1674ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದರೆಂದು ಪ್ರತೀತಿ. ಅವರ ಸೇವೆಯಲ್ಲಿದ್ದ ರಾಮರಾವ್ ಭಾವೆಯಿಂದ ಈ ಮನೆತನದ ಆಳ್ವಿಕೆ ಬೆಳೆಯಿತು. ನರಗುಂದ, ರಾಮದುರ್ಗ ಎರಡೂ ಒಂದೇ ಮನೆಯ ಕೋಟೆಗಳು. 1778ರಲ್ಲಿ ಹೈದರಾಲಿ ನರಗುಂದದಿಂದ ಕಪ್ಪ ಕೊಂಡನು. ಟಿಪ್ಪು ಹೆಚ್ಚಿನ ಕಪ್ಪ ಕೇಳಿದಾಗ ವೆಂಕಟರಾವ್ ಒಪ್ಪಲಿಲ್ಲ. 1785ರ ಮುತ್ತಿಗೆಯಲ್ಲಿ ಅಭಯವಚನವನ್ನು ನಂಬಿ ಶರಣಾದ ಅವನನ್ನು ಕಬ್ಬಾಳದುರ್ಗದ ಸೆರೆಗೆ ಒಯ್ದರು. ಟಿಪ್ಪು ಸೋತ ಬಳಿಕವೇ ಅವನಿಗೆ ಬಿಡುಗಡೆ. ಮುಂದೆ ದಾಯಾದಿಗಳಲ್ಲಿ ವ್ಯಾಜ್ಯ ಬೆಳೆದು, 1810ರಲ್ಲಿ ಪೇಶವೆಯವರು ಹೊಸದಾಗಿ ಪಾಲು ಮಾಡಿದರು. ನರಗುಂದ ವೆಂಕಟರಾಯನಿಗೆ, ರಾಮದುರ್ಗ ನಾರಾಯಣರಾಯನಿಗೆ. ಮನೆ ಪಾಲಾದ ಮೇಲೆ ಮನಸ್ಸೂ ಪಾಲಾಗುವುದು ಲೋಕದ ರೂಢಿಯಲ್ಲವೆ?

ನರಗುಂದದ ಕೊನೆಯ ಒಡೆಯ ಭಾಸ್ಕರರಾವ್, ಜನ ಕರೆದದ್ದು ಬಾಬಾಸಾಹೇಬನೆಂದು. ಈತನು ವಿದ್ಯಾಪ್ರಿಯ. ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳನ್ನು ಸಂಗ್ರಹಿಸಿದ್ದನೆಂದು ಆಂಗ್ಲರ ದಾಖಲೆಗಳೇ ಹೇಳುತ್ತವೆ. ಮುದ್ರಣಾಲಯಗಳು ವಿರಳವಾಗಿದ್ದ ಆ ಕಾಲದಲ್ಲಿ ಇಂಥ ಸಂಗ್ರಹವೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ಕೈಕೆಲಸವೆಂಬುದನ್ನು, ಮಠದಲ್ಲಿ ಕುಳಿತು ಓಲೆಗರಿ ಪ್ರತಿಮಾಡಿದವರು ಬಲ್ಲರು. ಕೋಟೆಯ ಕಥೆ ಹೇಳುವವರು ತೋಪುಗಳನ್ನು ಎಣಿಸುತ್ತಾರೆ, ಈ ಗ್ರಂಥಗಳನ್ನು ಮರೆಯುತ್ತಾರೆ.

ಬಾಬಾಸಾಹೇಬನಿಗೆ ಗಂಡು ಸಂತಾನ ಉಳಿಯಲಿಲ್ಲ. ದತ್ತಕಕ್ಕೆ ಕೇಳಿದ ಅನುಮತಿಯನ್ನು ಕಂಪನಿ ಸರಕಾರ ನಿರಾಕರಿಸಿತು. ಅಂದರೆ ಆತನ ಕಣ್ಣು ಮುಚ್ಚಿದೊಡನೆ ಸಂಸ್ಥಾನ ಖಾಲಸಾ. ಇದರೊಡನೆ ಇನಾಂ ಕಮಿಷನ್ ಹಳೆಯ ಸನದುಗಳನ್ನು ಕೇಳಿ, ಕಾಗದ ತೋರಿಸಲಾರದವರ ಭೂಮಿಯನ್ನು ಕಸಿಯುತ್ತಿತ್ತು. ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆಗೆ 1857ರಲ್ಲಿ ಹಲಗಲಿಯ ಬೇಡರು ಎದುರಾದರು. ನರಗುಂದದ ತೋಪುಗಳನ್ನೂ ಕಳಿಸುವಂತೆ ಆಜ್ಞೆಯಾಯಿತು. ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ ಎಂಬಾತನೇ ಈ ಸಂಸ್ಥಾನಗಳ ಮೇಲಿನ ಪೊಲಿಟಿಕಲ್ ಏಜೆಂಟನಾಗಿ ಬಂದದ್ದು ಉರಿಗೆ ತುಪ್ಪ ಸುರಿದಂತಾಯಿತು.

1858ರ ಮೇ ತಿಂಗಳ ಕೊನೆಗೆ ಮ್ಯಾನ್ಸನ್ ಸಣ್ಣ ಪರಿವಾರದೊಡನೆ ರಾಮದುರ್ಗಕ್ಕೆ ಬಂದನು. ರಾಮದುರ್ಗದ ಒಡೆಯನು ಅವನನ್ನು ಆದರಿಸಿ, ನರಗುಂದದ ಕಡೆ ಹೋಗಬೇಡವೆಂದು ತಡೆದನು. ಅಷ್ಟೇ ಅಲ್ಲ, ತಾನೂ ಬಂಡಾಯದಲ್ಲಿ ಕೂಡಬೇಕೆಂದು ದಾಯಾದಿ ಬರೆದ ಪತ್ರವನ್ನೇ ಎದುರಿಗಿಟ್ಟನು. ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಪಲ್ಲಕ್ಕಿಯಲ್ಲಿ ಮಲಗಿದ್ದವನ ಮೇಲೆ ಬಾಬಾಸಾಹೇಬನ ಜನ ಎರಗಿದರು. ಅವನ ರುಂಡ ನರಗುಂದದ ಅಗಸೆಯಲ್ಲಿ ತೂಗಿತು.

ಮಲಗಿದವನನ್ನು ಕೊಲ್ಲುವುದನ್ನು ಯಾವ ಧರ್ಮವೂ ಒಪ್ಪದು, ನಾನೂ ಒಪ್ಪಲಾರೆ. ಆದರೆ ತನ್ನ ಮನೆಯ ದೀಪ ಆರಲೆಂದು ಪರದೇಶದವರು ಕಾಯುತ್ತಿರುವಾಗ ಸುಮ್ಮನೆ ಕುಳಿತಿರಬೇಕಿತ್ತೆಂದು ಅವನಿಗೆ ಹೇಳುವ ಧೈರ್ಯವೂ ನನಗಿಲ್ಲ. ರಾಮದುರ್ಗದವನನ್ನು ಮನೆಮುರುಕನೆಂದು ಹಳಿಯುವುದೂ ಸುಲಭ. ಒಂದು ಪುಟ್ಟ ಸೀಮೆಯ ಪ್ರಜೆಗಳನ್ನು ತೋಪಿನ ಬಾಯಿಗೆ ಕೊಡದೆ ಉಳಿಸಿದವನು ಅವನೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜೂನ್ ಮೊದಲ ದಿನಗಳಲ್ಲಿ ಕರ್ನಲ್ ಮಾಲ್ಕಮ್‌ನ ದಂಡು ನರಗುಂದವನ್ನು ಹಿಡಿಯಿತು. ತಪ್ಪಿಸಿಕೊಂಡ ಬಾಬಾಸಾಹೇಬನು ಸೆರೆಸಿಕ್ಕು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಆತನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು. ಕಿತ್ತೂರ ಚೆನ್ನಮ್ಮನ ಹೆಸರು ಹೇಳುವ ನಾಲಗೆ ಈ ಅತ್ತೆಸೊಸೆಯರನ್ನೂ ಒಮ್ಮೆ ನೆನೆಯಲಿ.

ನರಗುಂದ ಖಾಲಸಾ ಆಯಿತು. ರಾಮದುರ್ಗ ಉಳಿಯಿತು. ಇನ್ನೊಂದು ವಿಚಿತ್ರವನ್ನು ಕೇಳಿ: ಯಾವ ದತ್ತಕಕ್ಕಾಗಿ ನರಗುಂದದ ಮನೆ ಅಳಿಯಿತೋ, ದತ್ತಕ ತೆಗೆದುಕೊಳ್ಳುವ ಅದೇ ಹಕ್ಕಿನ ಸನದು ಮುಂದೆ ರಾಮದುರ್ಗದ ಶಾಖೆಗೆ ದೊರೆಯಿತು. ಬಂಡಾಯದಿಂದ ಆಂಗ್ಲರು ಪಾಠ ಕಲಿತಿದ್ದರು, ಅದರ ಬೆಲೆ ತೆತ್ತವರು ಬೇರೆಯವರು.

ಹಾಗೆ ಉಳಿದ 169 ಚದರ ಮೈಲಿಯ ರಾಮದುರ್ಗ ಸಂಸ್ಥಾನಕ್ಕೂ ಸುಖ ಬಹುಕಾಲ ಬಾಳಲಿಲ್ಲ. ಕಂದಾಯದ ಭಾರ, ಪ್ರಜಾಸಂಘದ ಚಳವಳಿ, ಮುಂದಾಳುಗಳ ಬಂಧನ ಇವೆಲ್ಲ ಕೂಡಿ 1939ರ ಏಪ್ರಿಲ್ 7ರಂದು ಜನ ಸೆರೆಮನೆಗೆ ನುಗ್ಗಿದರು, ಪೊಲೀಸರು ಹತರಾದರು. ಗಾಂಧೀಜಿಯವರು ನೊಂದು 'ಹರಿಜನ' ಪತ್ರಿಕೆಯಲ್ಲಿ ಬರೆದರು. ಈ ಸಲ ಅರಸುಮನೆಯ ಎದುರಿಗೆ ನಿಂತವರು ಅದರ ಪ್ರಜೆಗಳೇ. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದು ರಾಮದುರ್ಗ ಬೆಳಗಾವಿ ಜಿಲ್ಲೆಗೆ, ನರಗುಂದ 1997ರಿಂದ ಗದಗ ಜಿಲ್ಲೆಗೆ ಸೇರಿವೆ. ಅಣ್ಣತಮ್ಮಂದಿರ ಪಾಲಿನ ಗೆರೆಯೇ ಜಿಲ್ಲೆಯ ಗೆರೆಯಾದಂತಿದೆ.